ಸನ್ಮಾನದ ಮ ಒತ್ತು ನುಂಗಿದ್ದು ಯಾರು?

ಇನ್ನೂ ಕಿವಿ ಬಿಸಿ ಆರಿಲ್ಲ. ನಮ್ಮ ಮೇಷ್ಟ್ರ ಸನ್ಮಾನಕ್ಕೆ ಪರದೆಯ ಬರಹ ಮಾಡೋ ಹುಡುಗನಿಗೆ, ಸಾಲಿನ ಎತ್ತರ ಸ್ವಲ್ಪ ಜಾಸ್ತಿ ಇಡಪ್ಪ ಅಂತ ಮೂರು ಸಲ ಹೇಳಿದ್ದೆ. ಮೂರು ಸಲ! "ನನ್ ಲ್ಯಾಪ್‌ಟಾಪಲ್ಲಿ ಸರಿಯಾಗೇ ಕಾಣ್ತಿದೆಯಲ್ಲ ಸಾರ್" ಅಂದ.

ಕಂಡಿತು. ಎಲ್‌ಇಡಿ ಪರದೆ ಮೇಲೆ ಇಡೀ ಊರಿಗೇ ಕಂಡಿತು: "ಗುರುಗಳಿಗೆ ಸನಾನ".

ಮ ಒತ್ತಿನ ನೆತ್ತಿ ಮಾತ್ರ ಒಂದು ಚೂರು, ನೊಣ ಕೂತ ಹಾಗೆ. ಮೇಷ್ಟ್ರು ಕನ್ನಡಕ ಏರಿಸಿದರು. ಒಂದನೇ ಕ್ಲಾಸಲ್ಲಿ ನಮಗೆ ಕಲಿಸಿದ ಹಾಗೇ ತುಟಿ ಅಲ್ಲಾಡಿಸಿ ಅಕ್ಷರ ಕೂಡಿಸಿದರು. ಆಮೇಲೆ ಮೈಕಲ್ಲಿ: "ಬೆಳಿಗ್ಗೇನೇ ಆಯ್ತಲ್ಲಪ್ಪ ನಂದು ಸ್ನಾನ. ಮತ್ತೆ ನೀರು ಕಾಯಿಸಿದೀರೇನು?" ಸಭೆ ಗೊಳ್ಳೆಂದಿತು. ಪಕ್ಕದಲ್ಲಿ ಶಾಲು ಹಿಡಿದು ನಿಂತವನು ನಾನು. "ಮೈ ಒರೆಸೋಕೆ ಟವಲ್ಲೂ ತಂದವ್ನೆ ನೋಡ್ರೋ" ಅಂತ ಹಿಂದಿನ ಸಾಲಿಂದ ಒಬ್ಬ. ನಾನೂ ನಕ್ಕೆ. ಇನ್ನೇನ್ ಮಾಡ್ಲಿ?

ಫಾಂಟಿನ ತಪ್ಪಲ್ಲ ಮಾರಾಯ್ರೇ. ಇಂಗ್ಲಿಷಲ್ಲಿ ಜಿ, ವೈಗಳ ಬಾಲ ಇಳಿದರೆ ಮುಗೀತು. ನಮ್ಮಲ್ಲಿ ಕೆಳಗೆ ಅಕ್ಷರವೇ ಜೋತುಬೀಳುತ್ತೆ, "ರಾಷ್ಟ್ರ" ಅಂದರೆ ಎರಡು. ಇಂಗ್ಲಿಷ್ ಅಳತೆಯ ಡಬ್ಬಿಗೆ ಕನ್ನಡ ತುರುಕಿದರೆ ಹೊರಗುಳಿದಿದ್ದು ಕತ್ತರಿಸಿ ಹೋಗುತ್ತೆ. ಅದು ಬಿಟ್ಟು ಅವನು "ಸೆರಿಫಾ, ಸಾನ್ಸಾ" ಅಂತ ಅರ್ಧ ಗಂಟೆ ತಲೆ ತಿಂದ. ರೋಮನ್ ಅಕ್ಷರದ ತುದಿಯ ಪುಟ್ಟ ಗೆರೆ, ಆ ಕಾಲ್ಗೆಜ್ಜೆಯೇ ಸೆರಿಫ್; ಅದಿಲ್ಲದ್ದು ಸಾನ್ಸ್. ಅದು ನಮಗೆಲ್ಲಿದೆ? ಗೆರೆ ದಪ್ಪ-ಸಣ್ಣ ಆಗ್ತಾ ಹೋದರೆ ನೋಟೋ ಸೆರಿಫ್ ಕನ್ನಡ ಅನ್ನೋ ಫಾಂಟು, ಹೆಚ್ಚುಕಮ್ಮಿ ಒಂದೇ ಸಮ ಇದ್ದರೆ ನೋಟೋ ಸಾನ್ಸ್ ಕನ್ನಡ, ಅಷ್ಟೆ. ಪುಸ್ತಕಕ್ಕೆ ಮೊದಲನೆಯದು ಚೆಂದ, ಮೊಬೈಲಿಗೆ ಎರಡನೆಯದು. ಒತ್ತು ಮಾತ್ರ ಎರಡಕ್ಕೂ ಬೇಕು!

ಸರಿ, ಶೀರ್ಷಿಕೆಗೆ ಆ ದಪ್ಪನೆ ಬಲೂ ತಮ್ಮ ಫಾಂಟೇ ಬೇಕು ಅಂದವರು ಯಾರು? ನಾನೇ. ಹಿಂದಿನ ಸಾಲಿಗೂ ಕಾಣ್ಲಿ ಅಂತ. ಹಿಂದಿನ ಸಾಲಿನವನೇ ಟವಲ್ ಅಂದಿದ್ದು.

ಕರೆಯೋಲೆ ಮಾತ್ರ ಕನ್ನಡ ಟೈಪಿಂಗಿನ ನುಡಿ ತಂತ್ರಾಂಶದಲ್ಲಿ ನಾನೇ ಕೂತು ಟೈಪ್ ಮಾಡಿ ಆಫ್‌ಸೆಟ್‌ನಲ್ಲಿ ಹಾಕಿಸಿದ್ದೆ. ಒಂದು ಅರ್ಕಾವತ್ತೂ ಅಲ್ಲಾಡಿಲ್ಲ. ಅದರ ಫೋಟೋ ಯಾರಾದ್ರೂ ಹಾಕಿದ್ರಾ? ಇಲ್ಲ.

ಹೋಗ್ಲಿ ಬಿಡು ಅಂತ ಮಲಗಿದೆ. ನಿದ್ದೆ ಬಂದ್ರೆ ತಾನೆ. ಜನ ಸೇರೋ ಮುಂಚೆ ಆ ಪರದೆ ಮೇಲೇ ಒಂದು ಸಲ "ಸನ್ಮಾನ" ಅಂತ ಹಾಕಿ ನೋಡೋಕೆ ಏನು ರೋಗ? ಯಾರಾದ್ರೂ ಉತ್ತರ ಕೊಡಿ.

ಊರಿನ ವಾಟ್ಸಾಪ್ ಗುಂಪಲ್ಲಿ ಪರದೆಯ ಫೋಟೋ ಓಡಾಡ್ತಿದೆ, ಜೊತೆಗೆ ಸೋಪಿನ ಚಿತ್ರ. ಆ ಹುಡುಗನೂ ಅದಕ್ಕೆ ನಗೋ ಮುಖ ಒತ್ತಿದಾನೆ. ಅಲ್ಲಿ ಮಾತ್ರ ಒತ್ತೋಕೆ ಬರುತ್ತೆ ಅವನಿಗೆ.