ಹೆಣ್ಣು ಮಗು, ಇಬ್ಬರೂ ಕ್ಷೇಮ, ತಂಬಾಕು ಮಾತ್ರ ಸ್ವಲ್ಪ ಹಸಿ

ದಿನಾ ಬೆಳಿಗ್ಗೆ ಪಕ್ಕದ ಮನೆ ಮೇಷ್ಟ್ರ ಹತ್ತಿರ ಪೇಪರ್ ಇಸ್ಕೊಂಡು ಬರುವುದು ನನ್ನ ಹಳೇ ಚಾಳಿ. ಮೇಷ್ಟ್ರು ಪೈಪು ಸೇದುತ್ತಾರೆ. ಹಾಗಾಗಿ ಪೇಪರ್ ಓದುವ ಮುಂಚೆ ನಾನು ಇನ್ನೊಂದು ಸುದ್ದಿ ಕೇಳಲೇಬೇಕು. ಅವರದೇ ಜಾತಿಯ ಹತ್ತು ಹನ್ನೆರಡು ಪೈಪು ಗೆಳೆಯರು ಬೆಳಗಾದರೆ ಫೋನಿನಲ್ಲಿ ಒಬ್ಬರಿಗೊಬ್ಬರು ವರದಿ ಒಪ್ಪಿಸುತ್ತಾರೆ. ಮೊನ್ನೆ ಬಂದ ಒಂದು ವರದಿಯನ್ನು ಮೇಷ್ಟ್ರು ನನಗೆ ಜೋರಾಗಿ ಓದಿ ಹೇಳಿದರು. ಅದರಲ್ಲಿ ಬರುವ ವರ್ಜೀನಿಯಾ ಫ್ಲೇಕ್ ಒಂದು ಬಗೆಯ ತಂಬಾಕು, ಬ್ರಯರ್ ಅಂದರೆ ಪೈಪು ಕೆತ್ತುವ ಒಂದು ಗಿಡದ ಬೇರುಗಂಟು.

"ಇವತ್ತು ವರ್ಜೀನಿಯಾ ಫ್ಲೇಕ್. ಬಾಗಿದ ಬ್ರಯರ್ ಪೈಪು. ಹೊರಗೆ ಜಿಟಿಜಿಟಿ ಮಳೆ. ನಾಯಿಗೆ ಕಾಲುನೋವು. ರಾತ್ರಿ ಮಗಳಿಗೆ ಹೆರಿಗೆ ಆಯಿತು, ಹೆಣ್ಣು ಮಗು, ಇಬ್ಬರೂ ಕ್ಷೇಮ. ಫ್ಲೇಕ್ ಮಾತ್ರ ಸ್ವಲ್ಪ ಹಸಿಯಾಗಿತ್ತು."

ಹತ್ತು ನಿಮಿಷದಲ್ಲಿ ಏಳು ಉತ್ತರ ಬಂದವು. ಕಾಗದದ ಮೇಲೆ ಹರವಿ ಇಪ್ಪತ್ತು ನಿಮಿಷ ಬಿಡಿ ಅಂದರು ಒಬ್ಬರು. ಟೇಬಲ್ ಲ್ಯಾಂಪಿನ ಕೆಳಗೆ ಇಡಿ ಅಂದರು ಇನ್ನೊಬ್ಬರು. ಮೈಕ್ರೋವೇವಿನಲ್ಲಿ ಹತ್ತು ಸೆಕೆಂಡು ಇಟ್ಟರೆ ಸಾಕು ಅಂದ ಮೂರನೆಯವರಿಗೆ ಉಳಿದ ಮೂವರು ಸೇರಿ ಮಂಗಳಾರತಿ ಮಾಡಿದರು. ಏಳನೆಯವರು ಸ್ವಲ್ಪ ಮೃದು ಮನಸ್ಸಿನವರು, ನಾಯಿಯ ಕಾಲು ಹೇಗಿದೆ ಅಂತ ವಿಚಾರಿಸಿದರು.

"ಮಗುವಿನ ಬಗ್ಗೆ ಯಾರೂ ಏನೂ ಹೇಳಲಿಲ್ವಾ ಮೇಷ್ಟ್ರೇ?" ಅಂದೆ.

"ಮಗು ಕ್ಷೇಮವಾಗಿದೆಯಲ್ಲಪ್ಪ. ತೊಂದರೆ ಇದ್ದದ್ದು ತಂಬಾಕಿಗೆ" ಅಂದರು.

ಈ ವರದಿಗೆ ಒಂದು ಕ್ರಮವಿದೆ. ಮೊದಲು ತಂಬಾಕು, ಆಮೇಲೆ ಪೈಪು, ಆಮೇಲೆ ಹವಾಮಾನ, ಆಮೇಲೆ ನಾಯಿ. ಹೆಂಡತಿ, ಮಕ್ಕಳು, ಕೆಲಸ, ಕಾಯಿಲೆ, ಸಾವು, ಇವೆಲ್ಲ ಜಾಗ ಉಳಿದರೆ. ಒಬ್ಬರು ಅಣ್ಣ ತೀರಿಕೊಂಡ ದಿನ ಲಟಾಕಿಯಾ ಸೇದಿದ್ದರಂತೆ. ವರ್ಷ ತುಂಬಿದ ದಿನ ಗೆಳೆಯರಿಗೆ ನೆನಪಾದದ್ದು ಅಣ್ಣನಲ್ಲ, ಆ ಡಬ್ಬಿ. "ಹೋದ ವರ್ಷ ಇದೇ ದಿನ ನೀವೊಂದು ಒಳ್ಳೇ ಲಟಾಕಿಯಾ ಡಬ್ಬಿ ಒಡೆದಿದ್ರಲ್ಲ, ಮುಗೀತಾ?" ಅಂತ ಕೇಳಿದರಂತೆ. ಅದನ್ನೇ ಅವರು ಸಂತಾಪ ಅಂತ ತಗೊಂಡರು ಅಂದರೆ ನೀವು ನಂಬಬೇಕು.

ಲಟಾಕಿಯಾ ಅಂದರೆ ಗೊತ್ತಾ? ಸಿರಿಯಾದ ಒಂದು ಬಂದರು ಊರಿನ ಹೆಸರು. ಮೊದಲು ಆ ಸೀಮೆಯಲ್ಲಿ, ಈಗ ಹೆಚ್ಚಾಗಿ ಸೈಪ್ರಸ್‌ನಲ್ಲಿ, ತಂಬಾಕಿನ ಎಲೆಯನ್ನು ತೂಗುಹಾಕಿ ಕೆಳಗೆ ಸೌದೆ ಹಚ್ಚಿ ಹೊಗೆ ಕೊಡುತ್ತಾರೆ. ಎಲೆ ಕಪ್ಪಗಾಗುತ್ತದೆ. ಅಂದರೆ ಒಂದು ಸಲ ಹೊಗೆ ಕುಡಿದ ಎಲೆಗೆ ಇವರು ಎರಡನೇ ಸಲ ಬೆಂಕಿ ಇಟ್ಟು ಆ ಹೊಗೆಯನ್ನು ತಾವು ಕುಡಿಯುತ್ತಾರೆ. ಅದರ ಪರಿಮಳ ಹೇಗೆ ಅಂತ ಕೇಳಿ. ಕಾಡಿನ ನಡುವೆ ಹಾಕಿದ ಬೆಂಕಿ, ಹಳೇ ಚರ್ಮದ ಕುರ್ಚಿ, ಮಳೆಗಾಲದ ಪುಸ್ತಕದ ಕಪಾಟು ಅನ್ನುತ್ತಾರೆ ಮೇಷ್ಟ್ರು. ರಸ್ತೆಗೆ ಟಾರು ಹಾಕುತ್ತಿದ್ದಾರಾ ಅನ್ನುತ್ತಾರೆ ಮೇಷ್ಟ್ರ ಹೆಂಡತಿ. ಇಬ್ಬರೂ ಒಂದೇ ಕೋಣೆಯಲ್ಲಿ ಒಂದೇ ಮೂಗಿನ ಎತ್ತರದಲ್ಲಿ ಕೂತಿರುತ್ತಾರೆ.

ನಾನು ಪೈಪು ಸೇದುವುದಿಲ್ಲ. ಆದರೆ ಸೇದುವುದನ್ನು ಇಷ್ಟು ವರ್ಷ ಹತ್ತಿರದಿಂದ ನೋಡಿದ್ದೇನೆ. ನೋಡಿದ್ದು ಅಂದರೆ, ಸೇದುವುದನ್ನಲ್ಲ, ಸೇದಲು ಸಿದ್ಧವಾಗುವುದನ್ನು. ಮೊದಲು ಎಲೆ ಉಜ್ಜಿ ಬಿಡಿಸಬೇಕು. ಆಮೇಲೆ ಪೈಪಿನ ಬಟ್ಟಲಿಗೆ ಮೂರು ಸಲ ತುಂಬಬೇಕು. ಮೊದಲ ಸಲ ಮಗುವಿನ ಕೈಯಷ್ಟು ಹಗುರ, ಎರಡನೇ ಸಲ ಹೆಂಗಸಿನ ಕೈ, ಮೂರನೇ ಸಲ ಗಂಡಸಿನ ಕೈ. ಇದು ಅವರ ಹಳೇ ಶಾಸ್ತ್ರ. ಮಗುವನ್ನೂ ಹೆಂಗಸನ್ನೂ ಪೂರ್ತಿ ಮರೆತ ಜನ ಬಟ್ಟಲಿನೊಳಗೆ ಮಾತ್ರ ಇಡೀ ಸಂಸಾರ ಹೂಡುತ್ತಾರೆ. ಆಮೇಲೆ ಬೆಂಕಿಕಡ್ಡಿ ಗೀರಿ ಮೇಲ್ಮೈಯನ್ನು ಸುಮ್ನೆ ಕರಿ ಮಾಡಬೇಕು. ಅದು ನಿಜವಾದ ಬೆಂಕಿಯಲ್ಲ, ಸುಳ್ಳು ಬೆಂಕಿ. ಎಲೆ ಉಬ್ಬುತ್ತದೆ. ಟ್ಯಾಂಪರಿನಿಂದ ಒತ್ತಬೇಕು. ಆಗ ನಿಜವಾದ ಬೆಂಕಿ. ಎರಡು ದಮ್ಮು. ಆರಿತು. ಮತ್ತೆ ಕಡ್ಡಿ. ಒತ್ತು. ಆರಿತು. ಕ್ಲೀನರ್ ತೂರಿಸಿ ನೀರು ತೆಗೆ. ಕಡ್ಡಿ. ಒಂದು ದಿನ ನಾನು ಎಣಿಸಿದೆ, ಹದಿನೇಳು ಕಡ್ಡಿ. "ಪೈಪು ಸೇದಿದರೆ ಮನಸ್ಸಿಗೆ ನೆಮ್ಮದಿ" ಅಂತ ಮೇಷ್ಟ್ರು ಹದಿನೆಂಟನೇ ಕಡ್ಡಿಗಾಗಿ ಜೇಬು ತಡಕುತ್ತಾ ಹೇಳಿದರು.

ಇದಕ್ಕೊಂದು ಸ್ಪರ್ಧೆಯೂ ಇದೆ, ಅದೂ ಅಂತರರಾಷ್ಟ್ರೀಯ ಮಟ್ಟದ್ದು. ಎಲ್ಲರಿಗೂ ಮೂರು ಗ್ರಾಂ ತಂಬಾಕು, ಎರಡು ಬೆಂಕಿಕಡ್ಡಿ. ಯಾರ ಪೈಪು ಎಲ್ಲಕ್ಕಿಂತ ಜಾಸ್ತಿ ಹೊತ್ತು ಆರದೆ ಉಳಿಯುತ್ತದೋ ಅವರು ಗೆದ್ದರು. ಕುರ್ಚಿ ಬಿಟ್ಟು ಏಳುವ ಹಾಗಿಲ್ಲ, ಓಡುವುದಿಲ್ಲ, ಹಾರುವುದಿಲ್ಲ. ಆಟಗಾರರು ಮೇಜಿನ ಸುತ್ತ ಕೂತು ತಮ್ಮ ತಮ್ಮ ಬಟ್ಟಲನ್ನೇ ನೋಡುತ್ತಿರುತ್ತಾರೆ. ಎರಡು ಕಡ್ಡಿಯ ನಿಯಮ ಕೇಳಿದ ಮೇಲೆ ಮೇಷ್ಟ್ರು ಯಾಕೆ ಅದರಲ್ಲಿ ಭಾಗವಹಿಸಲಿಲ್ಲ ಅನ್ನುವುದು ನನಗೆ ತಾನೇ ಗೊತ್ತಾಯಿತು.

ನೆಮ್ಮದಿಯ ವಿಷಯಕ್ಕೆ ಬಂದರೆ ಇವರಿಗೆ ಒಬ್ಬ ದೊಡ್ಡ ಸಾಕ್ಷಿ ಇದ್ದಾರೆ. 1950ರಲ್ಲಿ ಐನ್‌ಸ್ಟೈನ್ ಮಾಂಟ್ರಿಯಲ್‌ನ ಪೈಪು ಸೇದುವವರ ಕ್ಲಬ್ಬಿಗೆ ಆಜೀವ ಸದಸ್ಯರಾದರು. ಪೈಪು ಸೇದಿದರೆ ಮನುಷ್ಯರ ವ್ಯವಹಾರಗಳನ್ನು ಶಾಂತವಾಗಿ ತೂಗಿ ನೋಡಲು ಅನುಕೂಲ ಅನ್ನುವ ಅರ್ಥದ ಮಾತನ್ನೂ ಹೇಳಿದರು. ಅಲ್ಲಿಂದ ಇಲ್ಲಿಯವರೆಗೆ ಪ್ರತಿಯೊಬ್ಬ ಪೈಪಿನವನೂ ತಾನು ಐನ್‌ಸ್ಟೈನ್ ಜೊತೆ ಕೂತು ಸೇದಿದವನ ಹಾಗೆ ಆ ಮಾತು ಹೇಳುತ್ತಾನೆ. ಸಾಪೇಕ್ಷ ಸಿದ್ಧಾಂತದ ಮೊದಲ ಲೇಖನ ಬಂದದ್ದು 1905ರಲ್ಲಿ. ಆಗಿನಿಂದ ಎಷ್ಟು ಲಕ್ಷ ಜನ ಪೈಪು ಸೇದಿರಬಹುದು? ಅವರೆಲ್ಲ ಕಂಡುಹಿಡಿದದ್ದು ಬೆಂಕಿಪೊಟ್ಟಣ ಖಾಲಿ ಅನ್ನುವುದನ್ನು.

ಶಾಂತವಾಗಿ ತೂಗಿ ನೋಡುವ ಈ ಜನರಲ್ಲೇ ಇಬ್ಬರು ಮೂರು ವಾರ ಮಾತು ಬಿಟ್ಟಿದ್ದರು. ಕಾರಣ ಆಸ್ತಿಯಲ್ಲ, ರಾಜಕೀಯವೂ ಅಲ್ಲ. ಫ್ಲೇಕ್ ಅಂದರೆ ಒತ್ತಿ ಹಾಳೆಯ ಹಾಗೆ ಕೊಯ್ದ ತಂಬಾಕು. ಅದನ್ನು ಉಜ್ಜಿ ಪುಡಿ ಮಾಡಿ ತುಂಬಬೇಕಾ, ಇಲ್ಲ ಮಡಚಿ ತುರುಕಬೇಕಾ? ಇಷ್ಟೇ. ಉಜ್ಜುವವರು ಮಡಚುವವರನ್ನು ಸೋಮಾರಿ ಅಂದರು. ಮಡಚುವವರು ಉಜ್ಜುವವರನ್ನು ಕಟುಕರು ಅಂದರು. ಕೊನೆಗೆ ರಾಜಿ ಮಾಡಿಸಲು ಹೋದವರು ತಾವು ಅರ್ಧ ಉಜ್ಜಿ ಅರ್ಧ ಮಡಚುತ್ತೇವೆ ಅಂದು ಇಬ್ಬರ ಕೈಯಲ್ಲೂ ಬೈಸಿಕೊಂಡರು.

ಡನ್‌ಹಿಲ್ ಹೆಸರಿನ ಪೈಪು ತಂಬಾಕು 2018ರ ಹೊತ್ತಿಗೆ ನಿಂತಿತಲ್ಲ, ಆಗಲೂ ಹೀಗೇ ಆಯಿತು. ಮೇಷ್ಟ್ರ ಮನೆಯಲ್ಲಿ ಸೂತಕದ ಕಳೆ. ಆಮೇಲೆ ಅದೇ ಮಿಶ್ರಣಗಳು ಪೀಟರ್ಸನ್ ಅನ್ನುವ ಹೆಸರಲ್ಲಿ ವಾಪಸ್ ಬಂದವು. ಖುಷಿಪಡಬೇಕಿತ್ತು, ಅಲ್ವಾ? ಇಲ್ಲ. ರುಚಿ ಅದೇ ಅನ್ನುವವರದು ಒಂದು ಪಕ್ಷ, ಹೋದದ್ದು ಹೋಯಿತು ಅನ್ನುವವರದು ಇನ್ನೊಂದು. ಒಂದು ಸಂಜೆ ನಾನು ಮೇಷ್ಟ್ರಿಗೆ ಗೊತ್ತಾಗದ ಹಾಗೆ ಎರಡೂ ಡಬ್ಬಿಯ ಮುಚ್ಚಳ ಅದಲುಬದಲು ಮಾಡಿ ಇಟ್ಟೆ. ಅವರು ಹಳೇ ಮುಚ್ಚಳದ ಡಬ್ಬಿಯಿಂದ ಸೇದಿ ಕಣ್ಣು ಮುಚ್ಚಿ "ಇದಪ್ಪಾ" ಅಂದರು. ನಾನು ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ. ಇಲ್ಲಿ ಬರೆದಿದ್ದೇನೆ, ಅವರು ಪೇಪರ್ ಬಿಟ್ಟು ಬೇರೆ ಏನೂ ಓದುವುದಿಲ್ಲ ಅನ್ನುವ ಧೈರ್ಯದ ಮೇಲೆ.

ಪೈಪು ಒಂದು ಇದ್ದರೆ ಸಾಲದು. ಯಾಕೆಂದರೆ ಪೈಪಿಗೆ ವಿಶ್ರಾಂತಿ ಬೇಕು. ಒಂದು ದಿನ ಸೇದಿದ ಪೈಪು ಮರುದಿನ ರಜೆ. ಹಾಗಾಗಿ ವಾರಕ್ಕೆ ಏಳು ಪೈಪು. ಅಲ್ಲಿಗೂ ಮುಗಿಯಲಿಲ್ಲ. ಲಟಾಕಿಯಾ ಸೇದಿದ ಪೈಪಿನಲ್ಲಿ ವರ್ಜೀನಿಯಾ ಸೇದಿದರೆ ಹಳೇದರ ವಾಸನೆ ಬರುತ್ತದೆ. ಇದಕ್ಕೆ ಅವರು ದೆವ್ವ ಅನ್ನುತ್ತಾರೆ, ನಾನು ಹೇಳಿದ್ದಲ್ಲ. ಆ ದೆವ್ವ ಬಿಡಿಸಲು ಬಟ್ಟಲಿಗೆ ಉಪ್ಪು ತುಂಬಿ ಸ್ಪಿರಿಟ್ ಹನಿಸಿ ರಾತ್ರಿಯಿಡೀ ಇಡುತ್ತಾರೆ. ಬೆಳಿಗ್ಗೆ ಉಪ್ಪು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಇಷ್ಟೆಲ್ಲ ಯಾರು ಮಾಡುತ್ತಾರೆ ಅಂತ ಒಂದೊಂದು ಬಗೆಯ ತಂಬಾಕಿಗೆ ಬೇರೆ ಬೇರೆ ಪೈಪು ಇಟ್ಟುಕೊಂಡರೆ ಏಳು ಇಪ್ಪತ್ತೆಂಟಾಗುತ್ತದೆ. ಇದರ ಜೊತೆಗೆ ಮೆಕ್ಕೆಜೋಳದ ದಿಂಡಿನ ಪೈಪು ಒಂದು ಇದ್ದೇ ಇರುತ್ತದೆ. ಅಮೆರಿಕದ ಮಿಸೌರಿಯಲ್ಲಿ ವಾಷಿಂಗ್ಟನ್ ಅನ್ನುವ ಊರಿದೆ, ಅಲ್ಲಿ 1869ರಿಂದ ಇಂಥ ಪೈಪು ಮಾಡುತ್ತಿದ್ದಾರೆ. ಅಗ್ಗದ ಸಾಮಾನು, ಒಳ್ಳೇ ಸಾಮಾನು. ಇಪ್ಪತ್ತೆಂಟು ಬ್ರಯರ್ ಇರುವವರು ವಾರಕ್ಕೊಮ್ಮೆ ಅದನ್ನು ಬಾಯಿಗಿಟ್ಟು "ನನ್ನದು ಸರಳ ಜೀವನ" ಅಂತ ಗೆಳೆಯರಿಗೆ ತಿಳಿಸುತ್ತಾರೆ.

ಇನ್ನು ಡಬ್ಬಿಗಳು. ಮೇಷ್ಟ್ರು ಲೆಕ್ಕದ ಮೇಷ್ಟ್ರು. ಅವರ ಬೀರುವಿನಲ್ಲಿ ಬಟ್ಟೆಯ ಜಾಗದಲ್ಲಿ ಐವತ್ತು ಗ್ರಾಮಿನ ನಾನೂರು ಡಬ್ಬಿ ಇವೆ. ಕೆಲವನ್ನು ಒಡೆದು ಗಾಜಿನ ಭರಣಿಗೆ ಹಾಕಿ, ಮೇಲೆ ತಾರೀಕಿನ ಚೀಟಿ ಅಂಟಿಸಿದ್ದಾರೆ. ವರ್ಜೀನಿಯಾ ಹಳೆಯದಾದಷ್ಟೂ ರುಚಿಯಂತೆ. ಒಂದು ದಿನ ಕೂತು ಲೆಕ್ಕ ಹಾಕಿದೆವು. ಸೇದಿದರೆ ಒಂದು ಬಟ್ಟಲಿಗೆ ಎರಡೂವರೆ ಗ್ರಾಂ. ನಾನೂರು ಡಬ್ಬಿಗೆ ಎಂಟು ಸಾವಿರ ಬಟ್ಟಲು. ದಿನಕ್ಕೊಂದರಂತೆ ಸುಮಾರು ಇಪ್ಪತ್ತೆರಡು ವರ್ಷ. ಮೇಷ್ಟ್ರಿಗೆ ಈಗ ಎಪ್ಪತ್ತೊಂದು.

"ಹಾಗಾದರೆ ತೊಂಬತ್ತಮೂರರವರೆಗೆ ಚಿಂತೆಯಿಲ್ಲ" ಅಂದರು. ಮರುದಿನವೇ ಇನ್ನೂ ಹತ್ತು ಡಬ್ಬಿ ತರಿಸಿದರು. ತೊಂಬತ್ತಮೂರು ದಾಟಿದರೆ ಕಷ್ಟ ಅಲ್ವಾ?

ತೊಂಬತ್ತಮೂರಕ್ಕೆ ಮುಂಚೆ ಕಷ್ಟ ಬಂದರೆ ಅನ್ನುವುದು ಮಾತ್ರ ಯಾವ ವರದಿಯಲ್ಲೂ ಬರುವುದಿಲ್ಲ. ಇವರ ವೈದ್ಯಶಾಸ್ತ್ರದಲ್ಲಿ ಇರುವುದು ಒಂದೇ ಕಾಯಿಲೆ. ಬಿಸಿ ಹೊಗೆಗೆ ನಾಲಿಗೆ ಚುರುಗುಟ್ಟುವುದು. ಅದಕ್ಕೆ ನಲವತ್ತು ಪರಿಹಾರ ಹೇಳುತ್ತಾರೆ. ನಿಧಾನವಾಗಿ ಎಳೆಯಿರಿ, ತಂಬಾಕು ಒಣಗಿಸಿ, ಪೈಪು ಬದಲಿಸಿ. ಸೇದಬೇಡಿ ಅನ್ನುವ ನಲವತ್ತೊಂದನೆಯದು ಯಾರಿಗೂ ಹೊಳೆಯುವುದಿಲ್ಲ. ತಂಬಾಕಿನಿಂದ ಜಗತ್ತಿನಲ್ಲಿ ವರ್ಷಕ್ಕೆ 70 ಲಕ್ಷಕ್ಕೂ ಜಾಸ್ತಿ ಜನ ಸಾಯುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಸಿಗರೇಟಿನವರಿಗೆ ಹೇಳಿದ್ದು ಅನ್ನುತ್ತಾರೆ ಇವರು. "ನಾವು ಹೊಗೆ ಒಳಗೆ ಎಳೆಯುವುದಿಲ್ಲ, ಬಾಯಲ್ಲಿ ಆಡಿಸಿ ಬಿಡುತ್ತೇವೆ." ಸರಿ. ಆದರೆ ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಇಳಿಯುತ್ತದೆ. ತುಟಿ, ಬಾಯಿ, ಗಂಟಲಿನ ಕ್ಯಾನ್ಸರಿಗೆ ಶ್ವಾಸಕೋಶದ ಅಪ್ಪಣೆ ಬೇಕಿಲ್ಲ. ಇದನ್ನು ನಾನು ಒಮ್ಮೆ ಹೇಳಿದಾಗ ಮೇಷ್ಟ್ರು ಬಹಳ ಹೊತ್ತು ಯೋಚಿಸಿದರು. ಆಮೇಲೆ "ನಿನ್ನ ಮಾತು ಕೇಳ್ತಾ ಪೈಪು ಆರಿಹೋಯ್ತು ನೋಡು" ಅಂದರು.

ಹೋದ ತಿಂಗಳು ಮೇಷ್ಟ್ರ ಬಾಯೊಳಗೆ, ಕೆನ್ನೆಯ ಪಕ್ಕ, ಒಂದು ಬಿಳಿ ಮಚ್ಚೆ ಕಂಡಿತು. ಡಾಕ್ಟರು ಟಾರ್ಚ್ ಬಿಟ್ಟು ನೋಡಿ, ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಸದ್ಯ, ಕೆಟ್ಟದ್ದೇನೂ ಇರಲಿಲ್ಲ. ಆದರೆ ಪೈಪು ಇವತ್ತೇ ಬಿಡಬೇಕು ಅಂದರು. ಮೇಷ್ಟ್ರು ಮಾತು ಕೇಳುವ ಮನುಷ್ಯರು. ಬಿಟ್ಟರು. ಮರುದಿನ ಬೆಳಿಗ್ಗೆ ನಾನು ಪೇಪರಿಗೆ ಹೋದಾಗ ಖಾಲಿ ಪೈಪನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ಕನ್ನಡಕ ಹಣೆಗೆ ಏರಿಸಿಕೊಂಡು, ಒಂದೇ ಬೆರಳಲ್ಲಿ ವರದಿ ಒತ್ತುತ್ತಿದ್ದರು. ಅಭ್ಯಾಸ ಹೇಗೆ ಬಿಡುತ್ತೆ?

"ಇವತ್ತು ಏನೂ ಇಲ್ಲ. ನೇರ ಬ್ರಯರ್ ಪೈಪು, ಖಾಲಿ. ಬಿಸಿಲು ಚೆನ್ನಾಗಿದೆ. ಡಾಕ್ಟರು ಇನ್ನು ಬೇಡ ಅಂದರು."

ಮೊದಲ ಉತ್ತರ ಅರ್ಧ ನಿಮಿಷದಲ್ಲಿ ಬಂತು. "ಯಾವ ಬ್ರಯರ್?"

ನಾನು ತಲೆ ಚಚ್ಚಿಕೊಂಡು ಮನೆಗೆ ಬಂದೆ. ಆದರೆ ಮಾರನೇ ದಿನ ನೋಡಿದರೆ ಮೇಷ್ಟ್ರ ಮುಖ ಅರಳಿತ್ತು. ನಿನ್ನೆ ಇಡೀ ದಿನ ಫೋನಂತೆ. ಎಷ್ಟೋ ವರ್ಷದಿಂದ ಬರೀ ವರದಿ ಕಳಿಸುತ್ತಿದ್ದವರು ಮೊದಲ ಸಲ ಧ್ವನಿ ಕೇಳಿಸಿದರಂತೆ. ಒಬ್ಬರ ದನಿ ತೆಳ್ಳಗೆ ಹುಡುಗನ ಹಾಗಿದೆಯಂತೆ, ಅಷ್ಟು ಖಾರದ ಪೆರೀಕ್ ತಂಬಾಕು ಸೇದುವ ಮನುಷ್ಯನಿಗೆ ಅಂಥ ದನಿ ಅಂತ ಅವರು ಅಂದುಕೊಂಡೇ ಇರಲಿಲ್ಲವಂತೆ.

"ಒಟ್ಟು ಏಳು ಜನ ಮಾಡಿದ್ರು ಕಣಯ್ಯಾ" ಅಂದರು. "ನೀನು ಏನೇನೋ ಅಂತೀಯಲ್ಲ, ನೋಡು."

"ಎಲ್ಲರೂ ಆರೋಗ್ಯ ಕೇಳಿದ್ರಾ?"

"ಕೇಳ್ದೆ ಇರ್ತಾರಾ? ಮೊದಲು ಅದನ್ನೇ ಕೇಳಿದ್ದು." ಮೇಷ್ಟ್ರು ಖಾಲಿ ಪೈಪಿನ ಬಟ್ಟಲನ್ನು ಅಂಗೈಯಲ್ಲಿ ತಿರುಗಿಸಿದರು. "ಆಮೇಲೆ ಆರು ಜನ ಡಬ್ಬಿ ಎಷ್ಟು ಉಳಿದಿವೆ ಅಂದ್ರು."

"ಏಳನೆಯವರು?"

"ಅವರು ಬಹಳ ಸಂಕೋಚದ ಮನುಷ್ಯ. ಗಾಜಿನ ಭರಣಿ ಸಾಕಂತೆ."