ಆ ಅಮ್ಮನ ಕಂತನ್ನು ಯಾಕೆ ಓಡಿಸುತ್ತೀರಿ?

ನಿನ್ನೆ ರಾತ್ರಿ ಅತ್ತಿಗೆ ಜೊತೆ ಕೂತು ಜಪಾನಿನ 'ಮದರ್' ನೋಡುತ್ತಿದ್ದೆ. 2010ರ ಧಾರಾವಾಹಿ, ಯೂಜಿ ಸಕಾಮೊಟೊ ಬರೆದದ್ದು, ಒಟ್ಟು 11 ಕಂತು. ಇದರ ಹುಚ್ಚು ನನಗೆ ಎಷ್ಟಿದೆ ಅಂತ ನಿಮಗೆ ಗೊತ್ತೇ ಇದೆ. ಮಗುವಿನ ಹೆತ್ತಮ್ಮ ಹಿತೋಮಿಯ ಹಳೇ ಕಥೆ ಶುರುವಾಯಿತು ನೋಡಿ, ಅತ್ತಿಗೆ ರಿಮೋಟ್ ತೆಗೆದುಕೊಂಡು ಓಡಿಸಿಯೇ ಬಿಟ್ಟರು. "ಇವಳ ಗೋಳು ಯಾರಿಗೆ ಬೇಕು?"

ಮೈಯೆಲ್ಲ ಉರಿಯಿತು.

ನೋಡದವರಿಗೆ ಸ್ವಲ್ಪ ಹೇಳುತ್ತೇನೆ. ಜಪಾನಿನ ಉತ್ತರದ ದ್ವೀಪ ಹೊಕ್ಕೈಡೋದ ಮುರೋರಾನ್ ಅನ್ನೋ ಊರು. ನಾವೋ ಅನ್ನೋ ಹೆಸರಿನ ಹೆಂಗಸು ಅಲ್ಲಿನ ಶಾಲೆಯಲ್ಲಿ ತಾತ್ಕಾಲಿಕ ಟೀಚರ್. ಮಕ್ಕಳೆಂದರೆ ಅಷ್ಟಕ್ಕಷ್ಟೇ. ಅವಳ ಕ್ಲಾಸಿನ ಪುಟ್ಟ ಹುಡುಗಿ ರೇನಾ, ಅಂದರೆ ಹಿತೋಮಿಯ ಮಗಳ ಮೈಮೇಲೆ ಗಾಯಗಳು. ಒಂದು ರಾತ್ರಿ ಆ ಮಗು ಕೊರೆಯುವ ಚಳಿಯಲ್ಲಿ, ಕಸದ ಚೀಲದೊಳಗೆ ಸಿಗುತ್ತದೆ. ನಾವೋ ಪೊಲೀಸರ ಹತ್ತಿರ ಹೋಗುವುದಿಲ್ಲ. ಮಗು ಸಮುದ್ರದ ಪಾಲಾಯಿತು ಅಂತ ಊರು ನಂಬುವ ಹಾಗೆ ಮಾಡಿ, ತ್ಸುಗುಮಿ ಅಂತ ಹೊಸ ಹೆಸರಿಟ್ಟು, ಟೋಕಿಯೊಗೆ ಕರೆದುಕೊಂಡು ಹೋಗುತ್ತಾಳೆ. ಕಾನೂನಿನ ಲೆಕ್ಕದಲ್ಲಿ ಅಪಹರಣ.

ಸಕಾಮೊಟೊ ಮನಸ್ಸು ಮಾಡಿದ್ದರೆ ಹಿತೋಮಿಯನ್ನು ನಮ್ಮ ಸಂಜೆ ಧಾರಾವಾಹಿಯ ಅತ್ತೆಯ ಹಾಗೆ ಮಾಡಿ ಮುಗಿಸಬಹುದಿತ್ತು. ಕಾಡಿಗೆ ಜಾಸ್ತಿ, ಹಿಂದೆ ಧಡ್ ಧಡ್ ಸದ್ದು. ಹಾಗೆ ಮಾಡಲಿಲ್ಲ. ಗಂಡ ಸತ್ತ ಮೇಲೆ ಒಬ್ಬಳೇ ಮಗಳನ್ನು ಸಾಕಿದವಳು, ಮುದ್ದು ಮಾಡುತ್ತಿದ್ದವಳು, ಮೆಲ್ಲಮೆಲ್ಲಗೆ ಹೇಗೆ ಕೈ ಎತ್ತುವವಳಾದಳು ಅಂತ ತೋರಿಸಿದರು. ನನಗೆ ಹೆದರಿಕೆ ಆಗುವುದೇ ಅಲ್ಲಿ. ರಾಕ್ಷಸಿ ಆಗಿದ್ದರೆ ನಾವೆಲ್ಲ ಹಾಯಾಗಿ ಮಲಗಬಹುದಿತ್ತು. ನಮ್ಮ ಮನೆಗಳಲ್ಲಿ ರಾಕ್ಷಸಿಯರಿಲ್ಲವಲ್ಲ!

"ಹೊಡೆದವಳ ಕಷ್ಟ ತೋರಿಸಿದರೆ ಕ್ಷಮಿಸಿದ ಹಾಗೆ ಅಲ್ವಾ?" ಇದು ಅತ್ತಿಗೆಯ ವಾದ. ಕ್ಷಮಿಸಿದ್ದು ಯಾರು ಸ್ವಾಮಿ? ಕಥೆಗಾರ ಮಗುವನ್ನು ಅವಳ ಹತ್ತಿರ ವಾಪಸ್ ಕಳಿಸಲೇ ಇಲ್ಲ. ನೋಡದೆ ಓಡಿಸಿದರೆ ಇದೆಲ್ಲ ಹೇಗೆ ಗೊತ್ತಾಗಬೇಕು?

ಇನ್ನೊಂದು ಹೇಳಿಬಿಡುತ್ತೇನೆ. ನಾವೋ ಜಾಗದಲ್ಲಿ ನಾನಿದ್ದಿದ್ದರೆ ಹೆಡ್‌ಮಾಸ್ತರರ ಕಿವಿಗೆ ವಿಷಯ ಹಾಕಿ, ಮನೆಗೆ ಬಂದು ಊಟ ಮಾಡಿ ಮಲಗುತ್ತಿದ್ದೆ. ನನ್ನ ಧೈರ್ಯ ಅಷ್ಟೇ.

ಅತ್ತಿಗೆ ವಿಷಯಕ್ಕೆ ಬರುತ್ತೇನೆ. ನಾವೋಳನ್ನೂ ಚಿಕ್ಕಂದಿನಲ್ಲಿ ಹೆತ್ತಮ್ಮ ಬಿಟ್ಟು ಹೋಗಿದ್ದಳು. ಆ ಹೆತ್ತಮ್ಮನ ಪಾತ್ರ ಮಾಡಿದ್ದು ನಟಿ ಯೂಕೊ ತನಾಕಾ. ಆ ತಾಯಿ ಎಷ್ಟೋ ವರ್ಷ ಆದಮೇಲೆ ಬಂದಾಗ ಅತ್ತಿಗೆಗೆ ಕಣ್ಣೀರೋ ಕಣ್ಣೀರು. ಯಾಕೆ? ಮೆತ್ತಗೆ ಮಾತಾಡುತ್ತಾಳೆ, ವಯಸ್ಸಾಗಿದೆ, ಕಾಯಿಲೆ ಬೇರೆ. ಹಿತೋಮಿಗೆ ಇನ್ನೂ ಚಿಕ್ಕ ವಯಸ್ಸು, ಮನೆಯಲ್ಲಿ ಒಬ್ಬ ಪ್ರಿಯಕರ. ಆ ಪ್ರಿಯಕರನೂ ಮಗುವನ್ನು ಹಿಂಸಿಸಿದವನೇ. ಅವನ ದೃಶ್ಯ ಬಂದಾಗ ಮಾತ್ರ ರಿಮೋಟ್ ಮುಟ್ಟಿದವರಿಲ್ಲ, ಬೈದವರೂ ಇಲ್ಲ.