ನಮ್ದು ಬಾಗಿಲ ತನಕ ಅಷ್ಟೇ

ಹೋದ ಶನಿವಾರ ಜೋಹಾನ್ಸ್‌ಬರ್ಗ್‌ನ ನ್ಯೂಟೌನ್‌ನಲ್ಲಿ ಪ್ಯಾಂಟ್ಸುಲಾ ಅನ್ನೋ ಕುಣಿತದ ಶೋ ನೋಡ್ಕೊಂಡು ಬಂದೆ, ಅವತ್ತಿಂದ ತಲೇಲಿ ಅದೇ ಓಡ್ತಿದೆ. ಈ ಊರಿಗೆ ಬಂದು ಒಂಬತ್ತು ವರ್ಷ ಆಯ್ತು, ಪ್ಯಾಂಟ್ಸುಲಾ ಅಂದ್ರೆ ಸಿಗ್ನಲ್‌ನಲ್ಲಿ (ಇಲ್ಲಿಯವರು ರೋಬೋಟ್ ಅಂತಾರೆ) ಹುಡುಗರು ಕಾರಿನ ಮುಂದೆ ಕುಣಿದು ಚಿಲ್ಲರೆ ಇಸ್ಕೊಳ್ತಾರಲ್ಲ, ಅಷ್ಟೇ ಅಂದ್ಕೊಂಡಿದ್ದೆ. ಆಫೀಸಿನ ಗೆಳೆಯ ಒಬ್ಬ, ಈ ಊರಿನ ಪಕ್ಕದ ಕ್ಯಾಟ್ಲೆಹಾಂಗ್ ಕಡೆಯವನು, ಟಿಕೆಟ್ ಕೈಗಿಟ್ಟು ಬರಲೇಬೇಕು ಅಂದ.

ಖಾಲಿ ಸ್ಟೇಜು. ಅಂಚಲ್ಲಿ ಒಬ್ಬ ಹುಡುಗ ಕೂತ್ಕೊಂಡು ಹಳೇ ಟೂತ್‌ಬ್ರಶ್ಶಲ್ಲಿ ತನ್ನ ಆಲ್ ಸ್ಟಾರ್ ಶೂ ಉಜ್ತಾ ಇದ್ದಾನೆ. ಮ್ಯೂಸಿಕ್ ಇಲ್ಲ, ಮಾತಿಲ್ಲ, ಬರೀ ಸರಕ್ ಸರಕ್. ಆ ಸದ್ದೇ ನಿಧಾನಕ್ಕೆ ತಾಳ ಆಯ್ತು, ಎದ್ದು ಶೂ ಹಾಕ್ಕೊಂಡು ಕಾಲು ಶುರು ಮಾಡಿದ ನೋಡಿ, ಮೊಣಕಾಲಿಂದ ಕೆಳಗೆ ಬಿರುಗಾಳಿ, ಮೇಲೆ ನೋಡಿದ್ರೆ ಟೋಪಿ ಕೂಡ ಅಲ್ಲಾಡ್ತಿಲ್ಲ. ಆಮೇಲೆ ಐದು ಜನ ಸೀಟಿ ಊದ್ಕೊಂಡು ಬಂದ್ರು, ರೈಲಿಗೆ ನೇತಾಡೋದು, ದಾಳ ಹಾಕೋದು, ಒಂದು ಬೆರಳು ಮೇಲೆತ್ತಿ ಪೇಟೆ ಕಡೆ ಟ್ಯಾಕ್ಸಿ ನಿಲ್ಸೋದು, ದಿನಾ ನಾನು ಕಾರಿಂದ ನೋಡೋದೆಲ್ಲ ಅಲ್ಲಿತ್ತು. ನೋಡೋಕೆ ಬಂದವರೂ ಸುಮ್ನೆ ಕೂತಿರ್ಲಿಲ್ಲ, ಅವರೂ ಸೀಟಿ, ಅವರೂ ಕೂಗು. ದೀಪ ಬೆಳಗಲಿಲ್ಲ, ಹಾರ ಹಾಕಲಿಲ್ಲ, ನಿರೂಪಕರಿಲ್ಲ. ಒಂದು ಗಂಟೆ ಹತ್ತು ನಿಮಿಷ ಬರೀ ಕುಣಿತ. ಬಾಗಿಲಲ್ಲಿ ಕೊಟ್ಟ ಪುಸ್ತಕದಲ್ಲಿ ಕುಣಿದ ಆರೂ ಜನರ ಹೆಸರಿತ್ತು.

ಗೆಳೆಯ ಹೇಳಿದ ಮೇಲೆ ಅದರ ತೂಕ ಗೊತ್ತಾಯ್ತು. 1955ರಲ್ಲಿ ಇದೇ ಊರಿನ ಸೋಫಿಯಾಟೌನ್‌ನಿಂದ ಕರಿಯರನ್ನ ಲಾರಿಗೆ ತುಂಬಿ, ಕರಿಯರಿಗೆ ಅಂತಲೇ ಕಟ್ಟಿದ ದೂರದ ಟೌನ್‌ಶಿಪ್‌ಗೆ ಹಾಕಿದ್ರು, ಅಂಥಾ ಟೌನ್‌ಶಿಪ್ ಬೀದಿಗಳಲ್ಲೇ ಬೆಳೆದ ಕುಣಿತ ಇದು. ಅವನ ಊರಿನ ವಯಾ ಕ್ಯಾಟ್ಲೆಹಾಂಗ್ ತಂಡ ಶುರುವಾಗಿದ್ದು 1992ರಲ್ಲಿ, ಅಲ್ಲಿ ದಿನಾ ಹೆಣ ಬೀಳ್ತಿದ್ದ ಕಾಲ. ಅವರು ಗಮ್‌ಬೂಟ್ ಕುಣಿತಾನೂ ಸ್ಟೇಜಿಗೆ ತಂದ್ರು. ಚಿನ್ನದ ಗಣೀಲಿ ನೀರು ನಿಲ್ಲುತ್ತೆ ಅಂತ ಕಾರ್ಮಿಕರಿಗೆ ರಬ್ಬರ್ ಬೂಟು ಕೊಟ್ರು, ಮಾತಾಡೋ ಹಂಗಿರ್ಲಿಲ್ಲ, ಅದಕ್ಕೆ ಬೂಟು ತಟ್ಟಿ ಮಾತಾಡಿದ್ರು ಅಂತಾರೆ. ಇದೇ ನ್ಯೂಟೌನ್‌ನಲ್ಲಿರೋ ಮಾರ್ಕೆಟ್ ಥಿಯೇಟರ್ 1913ರಲ್ಲಿ ಕಟ್ಟಿದ ಇಂಡಿಯನ್ ಹಣ್ಣಿನ ಮಾರ್ಕೆಟ್ಟು. 1976ರಲ್ಲಿ ಅದು ರಂಗಮಂದಿರ ಆಯ್ತು, ವರ್ಣಭೇದ ಇದ್ದ ಆ ಕಾಲದಲ್ಲೂ ಕರಿಯರು ಬಿಳಿಯರು ಅಲ್ಲಿ ಒಟ್ಟಿಗೆ ಕೂತು ನಾಟಕ ನೋಡಿದ್ರು.

ಈಗ ನಮ್ಮೂರಿನ ವಿಷ್ಯ. ನಾನು ಸಾಗರದವನು, ಹೆಗ್ಗೋಡು ಇರೋ ತಾಲೂಕು, ನಾಟಕ ಅಂದ್ರೆ ಏನು ಅಂತ ನಮಗೆ ಯಾರೂ ಹೇಳ್ಕೊಡಬೇಕಾಗಿಲ್ಲ. ಹೋದ ವರ್ಷ ರಜಕ್ಕೆ ಬಂದಾಗ ಒಂದು ದೊಡ್ಡ ಸಮಾರಂಭ. ಡೊಳ್ಳಿನವರು ಬೆಳಿಗ್ಗೆ ಒಂಬತ್ತಕ್ಕೇ ಬಂದು ಬಿಸಿಲಲ್ಲಿ ನಿಂತಿದ್ರು, ಅತಿಥಿಗಳು ಬಂದಿದ್ದು ಹನ್ನೆರಡೂವರೆಗೆ. ಕಾರಿಂದ ಹಾಲ್ ಬಾಗಿಲ ತನಕ ಬಾರಿಸಿದ್ರು, ಬಾಗಿಲು ಹಾಕ್ಕೊಂಡ್ತು. ಹಿಂದುಗಡೆ ನಲ್ಲಿ ಹತ್ರ ತಂಡದ ಹಿರಿಯರು ನೀರು ಕುಡೀತಿದ್ರು, ಅಪ್ಪನಿಗೆ ಪರಿಚಯದವರು. ಒಳಗೆ ಬರಲ್ವಾ ಅಣ್ಣ ಅಂದೆ. "ನಮ್ದು ಬಾಗಿಲ ತನಕ ಅಷ್ಟೇ ಕಣಪ್ಪ" ಅಂದ್ರು. ಬೇಜಾರಲ್ಲಿ ಹೇಳಿದ್ದಲ್ಲ, ಸಂತೆ ರೇಟು ಹೇಳಿದ ಹಂಗೆ ಹೇಳಿದ್ರು, ಅದೇ ನನಗೆ ಚುಚ್ಚಿದ್ದು. ನಮ್ಮಲ್ಲಿ ಡೊಳ್ಳು, ವೀರಗಾಸೆ, ತಮಟೆ ಎಲ್ಲ ಯಾರನ್ನೋ ಒಳಗೆ ಬಿಡೋಕೆ ಇರೋದು. ಒಳಗೆ ಕರೆದ್ರೂ ಐದು ನಿಮಿಷ, ಆರನೇ ನಿಮಿಷಕ್ಕೆ ಮೈಕ್‌ನವನು ಕೈ ಸನ್ನೆ ಮಾಡ್ತಾನೆ.

ಎಲ್ಲ ಹಂಗೇ ಅಂತ ಹೇಳಕ್ಕಾಗಲ್ಲ, ಒಪ್ಕೋತೀನಿ. ತಮಟೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಬೀರಪ್ಪನ ಗುಡಿ ಮುಂದೆ ರಾತ್ರಿಯೆಲ್ಲ ಡೊಳ್ಳು ಬಾರಿಸಿದ್ರೂ ಸಾಕು ಅನ್ನೋರಿಲ್ಲ. ಇಲ್ಲಿ ಜೋಹಾನ್ಸ್‌ಬರ್ಗ್‌ನಲ್ಲೂ ಎಲ್ಲ ಚೆನ್ನಾಗಿಲ್ಲ. ಗೆಳೆಯನ ಅಮ್ಮ ಮನೆ ಮುಂದಿನ ಬೀದೀಲಿ ಪ್ಯಾಂಟ್ಸುಲಾ ನೋಡ್ತಾನೇ ವಯಸ್ಸಾದವರು, ಥಿಯೇಟರ್‌ನಲ್ಲಿ ಒಂದ್ಸಲವೂ ನೋಡಿಲ್ಲವಂತೆ. ವಯಾ ಕ್ಯಾಟ್ಲೆಹಾಂಗ್ ತಂಡ 2022ರಲ್ಲಿ ಫ್ರಾನ್ಸಿನ ಅವಿನ್ಯೋನ್ ಉತ್ಸವದ ತನಕ ಹೋಗಿ ಕುಣಿದು ಬಂತು, ಆ ಅಮ್ಮನಿಗೆ ಮಾತ್ರ ನ್ಯೂಟೌನ್ನೇ ದೂರ.

ಭಾನುವಾರ ಅಪ್ಪನ ಹತ್ರ ನಂಬರ್ ಇಸ್ಕೊಂಡು ಆ ಡೊಳ್ಳಿನ ಅಣ್ಣನಿಗೆ ಫೋನ್ ಮಾಡಿದೆ, ಶೂ ಉಜ್ಜಿದ್ದರಿಂದ ಹಿಡಿದು ಎಲ್ಲ ಹೇಳಿದೆ. ಎಷ್ಟೊತ್ತು ಕುಣಿದ್ರು ಅಂತ ಕೇಳಿದ್ರು. ಒಂದು ಗಂಟೆ ಹತ್ತು ನಿಮಿಷ ಅಂದೆ.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಜನ ಅಲ್ಲೀ ತನಕ ಕೂತಿದ್ರಾ?" ಅಂದ್ರು.

ಕೂತಿದ್ರು ಅಣ್ಣ, ದುಡ್ಡು ಕೊಟ್ಟು ಕೂತಿದ್ರು ಅಂದೆ.